ಸಿಂಗಪುರದ ಸ್ವಯಂಸೇವಕ ಫಿರಂಗಿದಳ

‘ಸ್ವಯಂಸೇವಕ’ ಎಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣಮುಂದೆ ಬರುವುದು ಜಾತ್ರೆಯಲ್ಲಿ ನೀರು ಕೊಡುವ ಹುಡುಗರು, ಸಮ್ಮೇಳನಗಳಲ್ಲಿ ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಂಡು ಓಡಾಡುವ ತರುಣರು. ಆದರೆ ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಸಾಮ್ರಾಜ್ಯದಲ್ಲಿ ‘ವಾಲಂಟಿಯರ್’ ಎಂಬ ಪದಕ್ಕೆ ಬೇರೆಯೇ ಅರ್ಥವಿತ್ತು. ಹಗಲು ಬ್ಯಾಂಕಿನಲ್ಲೋ ವ್ಯಾಪಾರದ ಕೋಠಿಯಲ್ಲೋ ಗುಮಾಸ್ತಿಕೆ ಮಾಡಿ, ಸಂಜೆ ಸಮವಸ್ತ್ರ ತೊಟ್ಟು ಬಂದೂಕು ಹಿಡಿಯುವುದನ್ನು ಕಲಿಯುವ ನಾಗರಿಕನೇ ವಾಲಂಟಿಯರ್. ಅವನು ಸಿಪಾಯಿಯಂತೆ ಪಡೆಯಲ್ಲಿಯೇ ಜೀವನ ಸಾಗಿಸುವವನಲ್ಲ. ತನ್ನ ಊರಿಗೆ ಆಪತ್ತು ಬಂದಾಗ ಕಾದುವುದಾಗಿ ತಾನೇ ಮುಂದೆ ಬಂದು ಹೆಸರು ಬರೆಸಿಕೊಂಡವನು.

ಇಂಥ ದಳಗಳು ನಮ್ಮ ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಕೋಲಾರದ ಚಿನ್ನದ ಗಣಿಗಳಲ್ಲಿಯೂ ಇದ್ದವು. ಅವುಗಳಲ್ಲಿ ಸೇರಬಹುದಾಗಿದ್ದವರು ಐರೋಪ್ಯರು ಮತ್ತು ಆಂಗ್ಲೋ-ಇಂಡಿಯನ್ನರು ಮಾತ್ರ. ಭಾರತೀಯರಿಗೂ ವಾಲಂಟಿಯರ್ ಆಗುವ ಹಕ್ಕು ಬೇಕೆಂದು ಕಾಂಗ್ರೆಸ್ ತನ್ನ ಆರಂಭದ ಅಧಿವೇಶನಗಳಲ್ಲಿಯೇ ಕೇಳಿತ್ತು. ಸರಕಾರ ಆ ಬೇಡಿಕೆಗೆ ಕಿವಿಗೊಡಲಿಲ್ಲ. ಭಾರತೀಯನು ಸಂಬಳದ ಸಿಪಾಯಿಯಾಗಿ ಬಂದೂಕು ಹಿಡಿಯಬಹುದಿತ್ತು, ನಾಗರಿಕನಾಗಿ ಹಿಡಿಯುವಂತಿರಲಿಲ್ಲ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕಥೆಯನ್ನು ಓದಬೇಕೆಂದು ನನ್ನ ವಿದ್ಯಾರ್ಥಿಮಿತ್ರರಲ್ಲಿ ವಿನಂತಿ.

ಈ ವಿಷಯವನ್ನು ಕೈಗೆತ್ತಿಕೊಳ್ಳಲು ಕಾರಣವನ್ನು ಹೇಳಿಬಿಡುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಸಿಂಗಪುರದಲ್ಲಿ ನೆಲೆಸಿದ್ದಾರೆ. ಅಲ್ಲಿ ಕಾಯಂ ನಿವಾಸ ಪಡೆದವರ ಗಂಡುಮಕ್ಕಳು ಹದಿನೆಂಟು ತುಂಬಿದ ಮೇಲೆ ಸುಮಾರು ಎರಡು ವರ್ಷ ಕಡ್ಡಾಯ ರಾಷ್ಟ್ರೀಯ ಸೇವೆ ಮಾಡಬೇಕು. ಅಂಥ ಒಬ್ಬ ಹುಡುಗನಿಗೆ ಫಿರಂಗಿದಳ ಸಿಕ್ಕಿದೆ. ಅವನ ತಂದೆ ಪತ್ರ ಬರೆದು, “ಸರ್, ಮಗನ ದಳದವರು ತಮ್ಮ ಹುಟ್ಟು 1888ನೆಯ ಇಸವಿ ಎನ್ನುತ್ತಾರಂತೆ. ದೇಶ ಸ್ವತಂತ್ರವಾದದ್ದೇ 1965ರಲ್ಲಲ್ಲವೇ? ಇದು ಹೇಗೆ?” ಎಂದು ಕೇಳಿದ್ದರು. ಪ್ರಶ್ನೆ ಚಿಕ್ಕದು; ಉತ್ತರ ಚಿಕ್ಕದಲ್ಲ.

ದಳದ ಹುಟ್ಟು

ಸಿಂಗಪುರವು 1867ರವರೆಗೆ ಕಲ್ಕತ್ತೆಯ ಸರಕಾರದ ಆಡಳಿತಕ್ಕೆ ಒಳಪಟ್ಟಿತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಭಾರತದಿಂದ ಗಡೀಪಾರಾದ ಕೈದಿಗಳನ್ನು ಅಲ್ಲಿಗೆ ಒಯ್ದು ರಸ್ತೆ, ಸೇತುವೆ, ಕಟ್ಟಡಗಳನ್ನು ಕಟ್ಟಿಸಲಾಯಿತು. ಅಲ್ಲಿನ ಪ್ರಸಿದ್ಧವಾದ ಸೇಂಟ್ ಆಂಡ್ರೂಸ್ ಕೆಥೆಡ್ರಲ್ ಕೂಡ ಭಾರತೀಯ ಕೈದಿಗಳ ದುಡಿಮೆಯಿಂದಲೇ ಎದ್ದುದು. ಭಾರತೀಯ ಸಿಪಾಯಿಗಳು ಬಿಡಾರ ಹೂಡಿದ್ದ ಪ್ರದೇಶಕ್ಕೆ ‘ಸಿಪಾಯ್ ಲೈನ್ಸ್’ ಎಂಬ ಹೆಸರೇ ನಿಂತಿತು. ಈ ಎರಡು ಸ್ಥಳಗಳೂ ಮುಂದೆ ನಮ್ಮ ಕಥೆಯಲ್ಲಿ ಮತ್ತೆ ಬರುತ್ತವೆ.

1854ರಲ್ಲಿ ಸಿಂಗಪುರದ ಚೀನೀ ಪಂಗಡಗಳ ನಡುವೆ ದೊಡ್ಡ ಗಲಭೆಯಾಯಿತು. ಅದೇ ಸಮಯದಲ್ಲಿ ಕ್ರಿಮಿಯದ ಯುದ್ಧದ ಭಯವೂ ಇತ್ತು. ಆಗ ಅಲ್ಲಿನ ಐರೋಪ್ಯ ವರ್ತಕರು ಸೇರಿ ಸ್ವಯಂಸೇವಕ ರೈಫಲ್ ದಳವೊಂದನ್ನು ಕಟ್ಟಿದರು. ಅದು ಮೂವತ್ತು ವರ್ಷಗಳಲ್ಲಿ ಕ್ಷೀಣಿಸುತ್ತ ಬಂದು 1887ರಲ್ಲಿ ವಿಸರ್ಜನೆಯಾಯಿತು. ಅದರ ಜಾಗದಲ್ಲಿ 1888ರ ಫೆಬ್ರುವರಿ 22ರಂದು ಹುಟ್ಟಿದ್ದೇ ‘ಸಿಂಗಪುರ್ ವಾಲಂಟಿಯರ್ ಆರ್ಟಿಲರಿ’. ವಸಾಹತಿನ ಇಂಜಿನಿಯರ್ ಆಗಿದ್ದ ಮೇಜರ್ ಹೆನ್ರಿ ಮೆಕ್‌ಕ್ಯಾಲಂ ಅದರ ಮೊದಲ ನಾಯಕ. ರೈಫಲ್ ಬಿಟ್ಟು ಫಿರಂಗಿಯನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಸಿಂಗಪುರವೆಂದರೆ ಬಂದರು. ಶತ್ರು ಬರುವುದಾದರೆ ಸಮುದ್ರದಿಂದ ಬರಬೇಕು. ಬಂದರಿನ ಕೋಟೆಗಳಲ್ಲಿ ದೊಡ್ಡ ಫಿರಂಗಿಗಳಿದ್ದರೂ ಅವನ್ನು ನಡೆಸುವಷ್ಟು ಕಾಯಂ ಸೈನಿಕರು ಇರಲಿಲ್ಲ. ಆ ಕೊರತೆಯನ್ನು ಊರಿನವರೇ ತುಂಬಬೇಕಾಗಿತ್ತು.

ಫಿರಂಗಿ ಒಬ್ಬನ ಕೈಯಲ್ಲಿ ನಡೆಯುವ ಆಯುಧವಲ್ಲ. ಒಬ್ಬ ಗುರಿಯ ದೂರವನ್ನು ಅಳೆಯಬೇಕು, ಒಬ್ಬ ಕೋನವನ್ನು ಹೊಂದಿಸಬೇಕು, ಒಬ್ಬ ಗುಂಡು ತಂದುಕೊಡಬೇಕು, ಮತ್ತೊಬ್ಬ ಮದ್ದು ತುಂಬಬೇಕು. ಯಾರೊಬ್ಬ ತಪ್ಪಿದರೂ ಎಲ್ಲರ ಶ್ರಮ ವ್ಯರ್ಥ. ಲೆಕ್ಕಪತ್ರ ಬಲ್ಲ ಗುಮಾಸ್ತರಿಗೂ ಯಂತ್ರ ಬಲ್ಲ ಕುಶಲಕರ್ಮಿಗಳಿಗೂ ಇದು ಒಗ್ಗುವ ವಿದ್ಯೆಯೇ ಆಗಿತ್ತು. ಕೆಲಕಾಲದಲ್ಲಿಯೇ ಸಾರ್ವಜನಿಕರಿಂದ ಚಂದಾ ಎತ್ತಿ, ಆಗಿನ್ನೂ ಹೊಸದಾಗಿದ್ದ ಮ್ಯಾಕ್ಸಿಂ ಮೆಷಿನ್‌ಗನ್ನುಗಳನ್ನೂ ದಳಕ್ಕೆ ತರಿಸಲಾಯಿತು. ‘ಪೂರ್ವದಲ್ಲಿ ಮೊದಲಿಗರು’ ಎಂಬರ್ಥದ ಲ್ಯಾಟಿನ್ ಧ್ಯೇಯವಾಕ್ಯ ಇವರದು. 1901ರಲ್ಲಿ ರೈಫಲ್, ಇಂಜಿನಿಯರ್, ಚೀನೀ, ಯುರೇಷಿಯನ್ ತುಕಡಿಗಳು ಸೇರಿಕೊಂಡು ಒಟ್ಟು ಸಂಸ್ಥೆಗೆ ‘ಸಿಂಗಪುರ್ ವಾಲಂಟಿಯರ್ ಕೋರ್’ ಎಂಬ ಹೆಸರು ಬಂದಿತು. ಫಿರಂಗಿದಳ ಅದರ ಹಿರಿಯ ಅಂಗವಾಗಿ ಉಳಿಯಿತು.

ಯುದ್ಧ ಬಂದಿತು, ಸೈನಿಕರು ಹೋದರು

1914ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಸ್ವಯಂಸೇವಕರಿಗೆ ಕರೆ ಬಂದಿತು. ಆಗ ಹಿಂದೂ ಮಹಾಸಾಗರದಲ್ಲಿ ಎಲ್ಲರ ನಿದ್ದೆಗೆಡಿಸಿದ್ದುದು ‘ಎಮ್ಡನ್’ ಎಂಬ ಒಂದೇ ಒಂದು ಜರ್ಮನ್ ಯುದ್ಧನೌಕೆ. ಸೆಪ್ಟೆಂಬರ್ 22ರ ರಾತ್ರಿ ಅದು ಮದರಾಸಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿದ ಕಥೆಯನ್ನು ನಿಮ್ಮಲ್ಲಿ ಹಲವರು ಹಿರಿಯರಿಂದ ಕೇಳಿರಬಹುದು. ಮಹಾ ಚಾಲಾಕಿಯನ್ನು ತಮಿಳರು ಇಂದಿಗೂ ‘ಎಮ್ಡನ್’ ಎನ್ನುವುದುಂಟು. ಅಕ್ಟೋಬರ್ 28ರಂದು ಅದು ಪೆನಾಂಗ್ ಬಂದರಿಗೇ ನುಗ್ಗಿ ರಷ್ಯದ ಒಂದು ಯುದ್ಧನೌಕೆಯನ್ನು ಮುಳುಗಿಸಿತು. ಕೊನೆಗೆ ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯದ ‘ಸಿಡ್ನಿ’ ನೌಕೆ ಅದನ್ನು ಸೋಲಿಸಿತು. ಎಮ್ಡನ್ನಿನ ಸೆರೆಸಿಕ್ಕ ನಾವಿಕರಲ್ಲಿ ಕೆಲವರನ್ನು ಸಿಂಗಪುರದ ಟ್ಯಾಂಗ್ಲಿನ್ ಶಿಬಿರದಲ್ಲಿ ಇಡಲಾಯಿತು.

ಹೀಗೆ ಸಮುದ್ರದ ಕಡೆಯ ಭಯ ತೊಲಗಿತು. ಆದರೆ ಇಷ್ಟರಲ್ಲಿ ಸಿಂಗಪುರದಲ್ಲಿದ್ದ ಕಾಯಂ ಬ್ರಿಟಿಷ್ ಪದಾತಿ ದಳವನ್ನು ಯೂರೋಪಿನ ರಣರಂಗಕ್ಕೆ ಸಾಗಿಸಿಯಾಗಿತ್ತು. ಅದರ ಜಾಗಕ್ಕೆ 1914ರ ಅಕ್ಟೋಬರಿನಲ್ಲಿ ಬುಂದೇಲಖಂಡದ ನೌಗಾಂವ್‌ನಿಂದ ಬಂದುದು ಭಾರತದ 5ನೆಯ ಲೈಟ್ ಇನ್‌ಫೆಂಟ್ರಿ. ಸುಮಾರು ಎಂಟುನೂರು ಜನರ ಈ ರೆಜಿಮೆಂಟಿನಲ್ಲಿದ್ದ ಸಿಪಾಯಿಗಳೆಲ್ಲರೂ ಮುಸಲ್ಮಾನರು. ಅವರಲ್ಲಿ ಅರ್ಧದಷ್ಟು ಮಂದಿ ಇಂದಿನ ಹರಿಯಾಣದ ಕಡೆಯ ರಾಂಘಡರು, ಅಂದರೆ ಮುಸ್ಲಿಂ ರಜಪೂತರು. ದಂಡಿನಲ್ಲಿ ಇವರ ಹೊರತು ಉಳಿದವರೆಂದರೆ ಕೆಲವು ಕಾಯಂ ಗೋಲಂದಾಜರು, ಇಂಜಿನಿಯರುಗಳು ಹಾಗೂ ಊರಿನ ಸ್ವಯಂಸೇವಕರು.

ಆ ರೆಜಿಮೆಂಟಿನಲ್ಲಿ ಅಸಮಾಧಾನ ಹೊಗೆಯಾಡುತ್ತಿತ್ತು. ಅಧಿಕಾರಿಗಳಲ್ಲಿ ಪರಸ್ಪರ ಒಡಕು. ಕರ್ನಲ್ ಮಾರ್ಟಿನ್ನನಿಗೂ ಅವನ ಕೈಕೆಳಗಿನವರಿಗೂ ಹೊಂದಾಣಿಕೆಯಿಲ್ಲ. ಭಾರತೀಯ ಅಧಿಕಾರಿಗಳಲ್ಲಿ ಬಡ್ತಿಯ ವಿಷಯದ ಜಗಳ. ಆಹಾರದ ಬಗ್ಗೆ ದೂರು. ಇದರ ಮೇಲೆ ಹೊರಗಿನ ಗಾಳಿಯೂ ಬೀಸಿತು. ತುರ್ಕಿಯು ಜರ್ಮನಿಯ ಪಕ್ಷ ಸೇರಿ, ಖಲೀಫನೂ ಆಗಿದ್ದ ಅದರ ಸುಲ್ತಾನನು 1914ರ ನವೆಂಬರಿನಲ್ಲಿ ಧರ್ಮಯುದ್ಧದ ಕರೆ ಕೊಟ್ಟಿದ್ದನು. ಕ್ಯಾಲಿಫೋರ್ನಿಯದಿಂದ ಹೊರಟ ಗದರ್ ಪಕ್ಷದ ಪತ್ರಿಕೆಗಳು ಬಂದರಿನಿಂದ ಬಂದರಿಗೆ ತಲುಪುತ್ತಿದ್ದವು. ‘ಕೊಮಗಾಟ ಮಾರು’ ಹಡಗಿನ ಪ್ರಯಾಣಿಕರಿಗಾದ ಅವಮಾನದ ಸುದ್ದಿ ಇನ್ನೂ ಹಸಿಯಾಗಿತ್ತು. ಸಿಂಗಪುರದಲ್ಲಿದ್ದ ಗುಜರಾತಿ ಮೂಲದ ವರ್ತಕ ಕಾಸಿಂ ಮನ್ಸೂರ್ ಸಿಪಾಯಿಗಳನ್ನು ಮನೆಗೆ ಕರೆದು ಸತ್ಕರಿಸುತ್ತಿದ್ದನು. ತುರ್ಕಿಯ ನೆರವನ್ನು ಕೋರಿ ಅವನು ರಂಗೂನಿಗೆ ಕಳುಹಿಸಿದ ಪತ್ರವು ಸರಕಾರದ ಕೈಗೆ ಸಿಕ್ಕಿತು.

1915ರ ಫೆಬ್ರುವರಿ 15

ರೆಜಿಮೆಂಟನ್ನು ಹಾಂಗ್‌ಕಾಂಗಿಗೆ ವರ್ಗಾಯಿಸುವ ಆಜ್ಞೆ ಬಂದಿತ್ತು. ಫೆಬ್ರುವರಿ 15ರ ಬೆಳಿಗ್ಗೆ ಜನರಲ್ ರಿಡೌಟ್ ಬೀಳ್ಕೊಡುಗೆಯ ಭಾಷಣ ಮಾಡಿದನು. ಸಿಪಾಯಿಗಳನ್ನು ಹೊಗಳಿದನು. ಆದರೆ ‘ಹಾಂಗ್‌ಕಾಂಗ್’ ಎಂಬ ಹೆಸರನ್ನು ಎತ್ತಲಿಲ್ಲ. ತಮ್ಮನ್ನು ತುರ್ಕಿಯವರ ವಿರುದ್ಧ, ಅಂದರೆ ತಮ್ಮ ಖಲೀಫನ ವಿರುದ್ಧವೇ ಕಾದಲು ಒಯ್ಯುತ್ತಾರೆಂಬ ವದಂತಿ ಅದಾಗಲೇ ಹಬ್ಬಿತ್ತು. ಒಂದು ಊರಿನ ಹೆಸರನ್ನು ಹೇಳಿದ್ದರೆ ಆ ವದಂತಿ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ.

ಅಂದು ಚೀನೀ ಹೊಸವರ್ಷದ ಮರುದಿನ, ಊರಿಗೆಲ್ಲ ರಜೆ. ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಅಲೆಕ್ಸಾಂಡ್ರ ಬಿಡಾರದಲ್ಲಿ ಮದ್ದುಗುಂಡುಗಳನ್ನು ಲಾರಿಗೆ ಹೇರುತ್ತಿದ್ದಾಗ ಒಬ್ಬ ಸಿಪಾಯಿ ಗುಂಡು ಹಾರಿಸಿದನು. ದಂಗೆ ಆರಂಭವಾಯಿತು. ಬಲಪಾರ್ಶ್ವದ ನಾಲ್ಕು ಕಂಪನಿಗಳ ಸಿಪಾಯಿಗಳು ಮದ್ದುಗುಂಡುಗಳನ್ನು ವಶಪಡಿಸಿಕೊಂಡು ಗುಂಪುಗುಂಪಾಗಿ ಹೊರಟರು. ಒಂದು ಗುಂಪು ಕರ್ನಲನ ಬಂಗಲೆಯನ್ನು ಮುತ್ತಿತು. ಇನ್ನೊಂದು ಟ್ಯಾಂಗ್ಲಿನ್ ಶಿಬಿರಕ್ಕೆ ನುಗ್ಗಿ, ಕಾವಲಿನಲ್ಲಿದ್ದವರನ್ನು ಕೊಂದು, ಜರ್ಮನ್ ಸೆರೆಯಾಳುಗಳಿಗೆ ಬಾಗಿಲು ತೆರೆಯಿತು. ಅವರಲ್ಲಿ ಕೆಲವರು ಮಾತ್ರ ತಪ್ಪಿಸಿಕೊಂಡು ಹೋದರು. ಹೆಚ್ಚಿನವರು ದಂಗೆಯಲ್ಲಿ ಸೇರಲು ಒಪ್ಪಲಿಲ್ಲ. ಮತ್ತೆ ಕೆಲವು ಸಿಪಾಯಿಗಳು ದಾರಿಯಲ್ಲಿ ಸಿಕ್ಕ ಐರೋಪ್ಯ ನಾಗರಿಕರನ್ನು ಗುಂಡಿಟ್ಟು ಕೊಂದರು. ಸತ್ತವರ ಸಂಖ್ಯೆ ಒಟ್ಟು ನಲವತ್ತಕ್ಕೂ ಮಿಕ್ಕಿತು. ನಿರಾಯುಧರನ್ನು ಕೊಂದ ಈ ಕೃತ್ಯವನ್ನು ಯಾವ ದೇಶಪ್ರೇಮದ ಹೆಸರಿನಲ್ಲಿಯೂ ಸಮರ್ಥಿಸಲಾಗದು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅಲ್ಲಿದ್ದ ಮಲಯ ಸ್ಟೇಟ್ಸ್ ಗೈಡ್ಸ್ ಎಂಬ ಪಡೆಯ ಹೇಸರಗತ್ತೆ ಫಿರಂಗಿದಳದಲ್ಲಿ ಇದ್ದವರೂ ಭಾರತೀಯರೇ. ಅವರಲ್ಲಿಯೂ ಹಲವರು ದಂಗೆಕೋರರ ಜೊತೆಗೂಡಿದರು. ಅವರ ಮೇಲಧಿಕಾರಿ ಕ್ಯಾಪ್ಟನ್ ಮೆಕ್ಲೀನ್ ಅಂದೇ ಹತನಾದನು. ಹೀಗೆ ಒಂದೇ ಊರಿನಲ್ಲಿ ಎರಡು ಬಗೆಯ ಗೋಲಂದಾಜರಿದ್ದರು: ಸಂಬಳಕ್ಕೆ ಬಂದ ಭಾರತೀಯರು ಒಂದು ಕಡೆ, ಸ್ವಇಚ್ಛೆಯಿಂದ ಬಂದ ಐರೋಪ್ಯರು ಇನ್ನೊಂದು ಕಡೆ. ಆ ಮಧ್ಯಾಹ್ನ ಅವರು ಪರಸ್ಪರ ಶತ್ರುಗಳಾದರು.

ಸ್ವಯಂಸೇವಕರ ಪಾಲಿಗೆ ಅದು ನಿಜವಾದ ಪರೀಕ್ಷೆಯ ದಿನ. ಇಪ್ಪತ್ತೇಳು ವರ್ಷಗಳ ಕಾಲ ಸಮುದ್ರದ ಕಡೆ ಮುಖ ಮಾಡಿ ಅಭ್ಯಾಸ ಮಾಡಿದ್ದ ದಳ ಅದು. ಅಪಾಯ ಬಂದುದು ಬೆನ್ನಿನ ಕಡೆಯಿಂದ. ರಜೆಯ ದಿನವಾದುದರಿಂದ ಜನರನ್ನು ಒಟ್ಟುಗೂಡಿಸುವುದೇ ಕಷ್ಟವಾಯಿತು. ಸಂಜೆ ಸೇನಾಶಾಸನ ಜಾರಿಗೆ ಬಂದಿತು. ಐರೋಪ್ಯ ಹೆಂಗಸರು ಮಕ್ಕಳನ್ನು ಬಂದರಿನ ಹಡಗುಗಳಿಗೆ ಸಾಗಿಸಲಾಯಿತು. ಹತ್ತಿರದ ನಾರ್ಮಂಟನ್ ಶಿಬಿರದಲ್ಲಿದ್ದ ಮಲಯ ಸ್ಟೇಟ್ಸ್ ವಾಲಂಟಿಯರ್ ರೈಫಲ್ಸ್‌ನ ಎಂಬತ್ತರಷ್ಟು ಮಂದಿ ಕರ್ನಲನ ಬಂಗಲೆಯಲ್ಲಿ ರಾತ್ರಿಯೆಲ್ಲ ತಡೆದು ನಿಂತರು. ಮರುದಿನ ಬೆಳಿಗ್ಗೆ ‘ಕ್ಯಾಡ್ಮಸ್’ ನೌಕೆಯ ನಾವಿಕರು, ಕಾಯಂ ಗೋಲಂದಾಜರು ಹಾಗೂ ಸ್ವಯಂಸೇವಕರು ಒಟ್ಟಾಗಿ ಹೋಗಿ ಅವರನ್ನು ಬಿಡಿಸಿಕೊಂಡರು. ಹಿಂದಿನ ದಿನದ ಹತರಲ್ಲಿ ಸ್ವಯಂಸೇವಕರೂ ಇದ್ದರು. ಅವರ ಧೈರ್ಯವನ್ನು ಅಲ್ಲಗಳೆಯುವ ಅಗತ್ಯವಿಲ್ಲ. ತನ್ನ ಊರನ್ನೂ ಹೆಂಡಿರು ಮಕ್ಕಳನ್ನೂ ಕಾಯಲು ನಿಂತ ಗುಮಾಸ್ತನ ಧೈರ್ಯವೂ ಧೈರ್ಯವೇ.

ಎರಡು ಮೂರು ದಿನಗಳಲ್ಲಿ ಫ್ರೆಂಚ್, ರಷ್ಯನ್, ಜಪಾನೀ ನೌಕೆಗಳು ಬಂದವು. ಸಿಂಗಪುರದಲ್ಲಿದ್ದ ಜಪಾನೀ ನಾಗರಿಕರೂ ವಿಶೇಷ ಪೋಲೀಸರಾಗಿ ಕೋವಿ ಹಿಡಿದು ಬ್ರಿಟಿಷರ ನೆರವಿಗೆ ನಿಂತರು. ಫೆಬ್ರುವರಿ 20ರಂದು ರಂಗೂನಿನಿಂದ ಷ್ರಾಪ್‌ಷೈರ್ ಪದಾತಿ ದಳವು ಬಂದಿಳಿಯಿತು. ದಿಕ್ಕಾಪಾಲಾಗಿ ಕಾಡು ಸೇರಿದ್ದ ಸಿಪಾಯಿಗಳನ್ನು ಬೇಟೆಯಾಡಿ ಹಿಡಿಯಲಾಯಿತು. ಅನೇಕರು ತಾವಾಗಿಯೇ ಶರಣಾದರು.

ಸಿಪಾಯ್ ಲೈನ್ಸ್‌ನ ಇಳಿಜಾರು

ಈಗ ಹೇಳಬೇಕಾದುದು ದಳದ ಸ್ಮರಣೋತ್ಸವಗಳಲ್ಲಿ ಯಾರೂ ಹೆಚ್ಚಾಗಿ ಹೇಳದ ಭಾಗ.

ಸೇನಾ ನ್ಯಾಯಾಲಯದಲ್ಲಿ ಇನ್ನೂರಕ್ಕೂ ಹೆಚ್ಚು ಸಿಪಾಯಿಗಳ ವಿಚಾರಣೆ ನಡೆಯಿತು. 47 ಮಂದಿಗೆ ಮರಣದಂಡನೆಯಾಯಿತು. ಉಳಿದವರಲ್ಲಿ ಹಲವರಿಗೆ ಆಜೀವ ಗಡೀಪಾರು, ಮತ್ತೆ ಹಲವರಿಗೆ ದೀರ್ಘ ಸೆರೆವಾಸ. ಕಾಸಿಂ ಮನ್ಸೂರನನ್ನು ಪ್ರತ್ಯೇಕವಾಗಿ ವಿಚಾರಿಸಿ ಮೇ ತಿಂಗಳಿನಲ್ಲಿ ಗಲ್ಲಿಗೇರಿಸಿದರು. ಸಿಪಾಯಿಗಳ ಶಿಕ್ಷೆಯನ್ನು ಔಟ್ರಂ ಕಾರಾಗೃಹದ ಗೋಡೆಯ ಹೊರಗೆ ಸಾರ್ವಜನಿಕರ ಎದುರಿನಲ್ಲಿಯೇ ನೆರವೇರಿಸಲಾಯಿತು. ಅಲ್ಲಿ ಮೊದಲ ಗುಂಡು ಹಾರಿದುದು ಫೆಬ್ರುವರಿ 23ರಂದು, ಫಿರಂಗಿದಳದ ಇಪ್ಪತ್ತೇಳನೆಯ ಹುಟ್ಟುದಿನದ ಮರುದಿನ.

ಮಾರ್ಚ್ 25ರಂದು ಒಂದೇ ಬಾರಿಗೆ 22 ಮಂದಿಯನ್ನು ಗೋಡೆಯ ಮುಂದೆ ಸಾಲಾಗಿ ನಿಲ್ಲಿಸಿದರು. ಎದುರಿನ ಸಿಪಾಯ್ ಲೈನ್ಸ್‌ನ ಇಳಿಜಾರಿನಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಜನ ನೆರೆದಿದ್ದರೆಂದು ಅಂದಿನ ಪತ್ರಿಕೆ ಬರೆದಿದೆ. ಗುಂಡು ಹಾರಿಸುವ ಕೆಲಸವನ್ನು ವಹಿಸಿದ್ದುದು ಸಿಂಗಪುರ್ ವಾಲಂಟಿಯರ್ ಕೋರ್‌ನ ವಿವಿಧ ಕಂಪನಿಗಳಿಂದ ಆರಿಸಿದವರಿಗೆ. ಅವರು ಕೊಲ್ಲುವುದನ್ನು ವೃತ್ತಿಯಾಗಿ ಕಲಿತವರಲ್ಲ. ಕೆಲವು ವಾರಗಳ ಹಿಂದೆ ಕಚೇರಿಗಳಲ್ಲಿ ಕುಳಿತು ರಬ್ಬರು, ತವರಗಳ ಲೆಕ್ಕ ಬರೆಯುತ್ತಿದ್ದವರು. ಸಾಯಲು ನಿಂತವರ ಕೂಗಿನಲ್ಲಿ ಅಧಿಕಾರಿಯ ಆಜ್ಞೆ ಸರಿಯಾಗಿ ಕೇಳಲಿಲ್ಲವೆಂದೂ, ಗುಂಡುಗಳು ಒಟ್ಟಿಗೆ ಹಾರದೆ ಹಿಂದುಮುಂದಾದವೆಂದೂ ಅಂದು ಅಲ್ಲಿದ್ದ ಒಬ್ಬ ಸ್ವಯಂಸೇವಕ ಬಹಳ ವರ್ಷಗಳ ಮೇಲೆ ನೆನೆದಿದ್ದಾನೆ. ಉಳಿದುದನ್ನು ನಾನು ವಿವರಿಸಲಾರೆ.

ನನಗೆ ಕಾಡುವ ಪ್ರಶ್ನೆ ಇದು. ‘ಸ್ವಯಂಸೇವಕ’ ಎಂದು ಹೆಸರು ಬರೆಸಿದ ದಿನ ಆ ತರುಣ ಏನನ್ನು ಒಪ್ಪಿಕೊಂಡಿದ್ದನು? ಬಂದರಿಗೆ ನುಗ್ಗುವ ಶತ್ರುವಿನ ಹಡಗಿನ ಮೇಲೆ ಗುಂಡು ಹಾರಿಸುವುದನ್ನು. ಕೈಕಟ್ಟಿಸಿಕೊಂಡು ನಿಂತ, ತನ್ನದೇ ಸಾಮ್ರಾಜ್ಯದ ಸಿಪಾಯಿಯ ಎದೆಗೆ ಹತ್ತಾರು ಹೆಜ್ಜೆಗಳ ಅಂತರದಿಂದ ಗುರಿಯಿಡುವುದನ್ನಲ್ಲ. ಮೊದಲ ಹೆಜ್ಜೆ ಮಾತ್ರ ಅವನ ಇಚ್ಛೆಯದು. ಆಮೇಲಿನ ಹೆಜ್ಜೆಗಳನ್ನು ಬೇರೆಯವರು ನಿರ್ಧರಿಸಿದರು. ಅತ್ತ ರೋಹತಕ್, ಹಿಸಾರ್‌ಗಳ ಹಳ್ಳಿಗಳಿಂದ ಬಂದ ಸಿಪಾಯಿಯ ಮಾತೂ ಅಷ್ಟೆ. ಅವನು ಸಂಬಳಕ್ಕೆ ಸಹಿ ಹಾಕಿದ್ದನು. ತನ್ನನ್ನು ಎಲ್ಲಿಗೆ ಒಯ್ಯುತ್ತಿದ್ದಾರೆಂದು ತಿಳಿಯುವ ಹಕ್ಕನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ.

ಸರಕಾರವು ಈ ಘಟನೆಯಿಂದ ಕಲಿತ ಪಾಠವೂ ವಿಚಿತ್ರವಾದುದು. ಸ್ವಯಂಸೇವೆಯನ್ನು ನೆಚ್ಚಿಕೊಂಡರೆ ಸಾಲದೆಂದು 1915ರ ಆಗಸ್ಟಿನಲ್ಲಿ ಕಾಯಿದೆಯೊಂದನ್ನು ತಂದು, 18ರಿಂದ 55 ವಯಸ್ಸಿನ ಬ್ರಿಟಿಷ್ ಪ್ರಜೆಗಳಾದ ಗಂಡಸರಿಗೆ ಸೈನಿಕ ಸೇವೆಯನ್ನು ಕಡ್ಡಾಯಗೊಳಿಸಿತು. 5ನೆಯ ಲೈಟ್ ಇನ್‌ಫೆಂಟ್ರಿಯಲ್ಲಿ ಉಳಿದವರನ್ನು ಆಫ್ರಿಕದ ಕ್ಯಾಮರೂನಿಗೆ ಕಾದಲು ಅಟ್ಟಿದರು. 1922ರಲ್ಲಿ ಆ ರೆಜಿಮೆಂಟೇ ಅಳಿಸಿಹೋಯಿತು. ವಿಚಾರಣಾ ಸಮಿತಿಯ ವರದಿಯನ್ನು ದಶಕಗಳ ಕಾಲ ಗುಪ್ತವಾಗಿ ಇಡಲಾಯಿತು.

ಮತ್ತೊಂದು ಫೆಬ್ರುವರಿ 15

ಇಪ್ಪತ್ತೇಳು ವರ್ಷಗಳ ತರುವಾಯ, 1942ರ ಫೆಬ್ರುವರಿ 15ರಂದು, ಅದೇ ತಾರೀಖಿನಂದು, ಜನರಲ್ ಪರ್ಸಿವಲ್ ಬುಕಿಟ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ ಜಪಾನಿಗೆ ಶರಣಾದನು. ಆ ವರ್ಷ ಅಂದೇ ಚೀನೀ ಹೊಸವರ್ಷ. 1915ರಲ್ಲಿ ಬ್ರಿಟಿಷರ ನೆರವಿಗೆ ಬಂದಿದ್ದ ಜಪಾನೇ ಈಗ ಅವರನ್ನು ಸೆರೆಹಿಡಿಯಿತು. ಸ್ವಯಂಸೇವಕರು ಈ ಯುದ್ಧದಲ್ಲಿ ಸ್ಟ್ರೇಟ್ಸ್ ಸೆಟ್ಲ್‌ಮೆಂಟ್ಸ್ ವಾಲಂಟಿಯರ್ ಫೋರ್ಸ್ ಎಂಬ ದೊಡ್ಡ ಪಡೆಯ ಭಾಗವಾಗಿ ಹೋರಾಡಿದರು. ಸೆರೆಸಿಕ್ಕವರಲ್ಲಿ ಅನೇಕರನ್ನು ಸಯಾಂ–ಬರ್ಮಾ ರೈಲುದಾರಿಯ ಕೆಲಸಕ್ಕೆ ಒಯ್ದರು. ಚೀನೀ ಸ್ವಯಂಸೇವಕರ ಗತಿ ಇನ್ನೂ ಘೋರ. ಚೀನೀಯರನ್ನು ಆರಿಸಿ ಕೊಂದ ‘ಸೂಕ್ ಚಿಂಗ್’ ಎಂಬ ನರಮೇಧದಲ್ಲಿ ಅವರಲ್ಲಿಯೂ ಹಲವರು ಬಲಿಯಾದರು. ಒಂದು ಕಾಲಕ್ಕೆ ಗೋಡೆಯ ಎದುರು ಬಂದೂಕು ಹಿಡಿದು ನಿಂತಿದ್ದ ಅದೇ ಕೋರ್‌ನ ಮುಂದಿನ ತಲೆಮಾರಿನವರು ಈಗ ಬಂದೂಕಿನ ಎದುರು ನಿಂತರು.

ಸೆರೆಸಿಕ್ಕ ಸುಮಾರು 45,000 ಭಾರತೀಯ ಸೈನಿಕರನ್ನು ಫೆಬ್ರುವರಿ 17ರಂದು ಫ್ಯಾರರ್ ಪಾರ್ಕಿನಲ್ಲಿ ಜಪಾನೀಯರಿಗೆ ಒಪ್ಪಿಸಲಾಯಿತು. ಆಜಾದ್ ಹಿಂದ್ ಫೌಜಿನ ಆರಂಭ ಅಲ್ಲಿಂದ. ಆ ಕಥೆಯನ್ನು ತರಗತಿಯಲ್ಲಿ ನಾನು ನಿಮಗೆ ಹೇಳಿದ್ದೇನೆ. ಅದೇ ಊರಿನಲ್ಲಿ ಅದಕ್ಕೆ ಮೊದಲೇ ನಡೆದಿದ್ದ 1915ರ ಈ ಘಟನೆಗೆ ನಾನು ಪಾಠ ಮಾಡಿದ ಪುಸ್ತಕಗಳಲ್ಲಿ ಒಂದು ಸಾಲಿನ ಜಾಗವೂ ಇರಲಿಲ್ಲ.

ಹುಟ್ಟುಹಬ್ಬ ಯಾರದು?

ಈಗ ಆ ತಂದೆಯ ಪ್ರಶ್ನೆಗೆ ಬರೋಣ. 1965ರಲ್ಲಿ ಸ್ವತಂತ್ರವಾದ ಸಿಂಗಪುರವು 1967ರಲ್ಲಿ ಕಡ್ಡಾಯ ರಾಷ್ಟ್ರೀಯ ಸೇವೆಯನ್ನು ತಂದಿತು. ಆದರೂ ಅದರ ಫಿರಂಗಿದಳ ತನ್ನ ವಂಶಾವಳಿಯನ್ನು 1888ರ ಸ್ವಯಂಸೇವಕರಿಂದಲೇ ಎಣಿಸುತ್ತದೆ. ಹಳೆಯ ಧ್ಯೇಯವಾಕ್ಯವನ್ನೂ ಉಳಿಸಿಕೊಂಡಿದೆ. 2013ರಲ್ಲಿ 125ನೆಯ ವರ್ಷವನ್ನು ಆಚರಿಸಿತು. ಸ್ವತಂತ್ರ ದೇಶವೊಂದು ವಸಾಹತು ಕಾಲದ ದಳವನ್ನು ತನ್ನ ಪೂರ್ವಜನೆಂದು ಒಪ್ಪಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ನಮ್ಮ ಸೇನೆಯ ಎಷ್ಟೋ ರೆಜಿಮೆಂಟುಗಳು ಕಂಪನಿ ಸರಕಾರದ ಕಾಲದಿಂದಲೇ ತಮ್ಮ ವರ್ಷಗಳನ್ನು ಎಣಿಸುವುದಿಲ್ಲವೇ? ಆದರೆ ಪೂರ್ವಜರನ್ನು ಒಪ್ಪಿಕೊಳ್ಳುವವರು ಅವರ ಪೂರ್ತಿ ಲೆಕ್ಕವನ್ನೂ ಒಪ್ಪಿಕೊಳ್ಳಬೇಕು. ಜಮೆಯ ಪುಟವನ್ನು ಇಟ್ಟುಕೊಂಡು ಖರ್ಚಿನ ಪುಟವನ್ನು ಹರಿಯಬಾರದು. ಅಂದು ಬಂದೂಕಿನ ಎರಡೂ ತುದಿಗಳಲ್ಲಿದ್ದವರು ಇಂದಿನ ಆ ದೇಶದ ಚರಿತ್ರೆಗೆ ಸೇರಿದವರೇ. 1888ರ ಐರೋಪ್ಯ ದಳದ ವಾರಸುದಾರನಾಗಿ ಇಂದು ನಿಂತಿರುವವರಲ್ಲಿ ಚೀನೀ, ಮಲಯ್, ತಮಿಳು ಮನೆತನಗಳ ಮಕ್ಕಳ ಜೊತೆಗೆ ಕನ್ನಡದ ಹುಡುಗನೊಬ್ಬನೂ ಇದ್ದಾನೆಂಬುದೇ ಕಾಲ ಎಷ್ಟು ಬದಲಾಗಿದೆ ಎಂಬುದಕ್ಕೆ ಸಾಕ್ಷಿ.

ಸಿಂಗಪುರದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ಬಿಡುವು ಸಿಕ್ಕಾಗ ಕ್ರಾಂಜಿಯ ಯುದ್ಧಸ್ಮಾರಕಕ್ಕೆ ಹೋಗಿ ಬನ್ನಿ. ಅಲ್ಲಿ ಕೆತ್ತಿರುವ 24,000ಕ್ಕೂ ಹೆಚ್ಚು ಹೆಸರುಗಳಲ್ಲಿ ಭಾರತೀಯರ ಹೆಸರುಗಳು ಎಷ್ಟಿವೆ ಎಂದು ಮಕ್ಕಳಿಗೆ ತೋರಿಸಿ. ಸೇಂಟ್ ಆಂಡ್ರೂಸ್ ಕೆಥೆಡ್ರಲ್ಲಿನಲ್ಲಿ 1915ರ ದಂಗೆಯಲ್ಲಿ ಮಡಿದವರ ಸ್ಮರಣೆಯ ಫಲಕಗಳಿವೆ. ಅವನ್ನೂ ಗೌರವದಿಂದ ನೋಡಿ. ಆ ಗೋಡೆಗಳನ್ನು ಕಟ್ಟಿದ ಕೈಗಳು ಯಾರವೆಂಬುದನ್ನೂ ಹೇಳಿ. ಆಮೇಲೆ ಔಟ್ರಂ ಕಡೆಗೆ ಹೋಗಿ. ಹಳೆಯ ಕಾರಾಗೃಹ ಈಗ ಇಲ್ಲ. ಆ ಗೋಡೆಯೂ ಇಲ್ಲ. 47 ಸಿಪಾಯಿಗಳಿಗಾಗಿ ಅಲ್ಲಿ ಯಾವ ಹೆಸರನ್ನು ಹುಡುಕುವ ಪ್ರಯತ್ನವನ್ನೂ ಮಾಡಬೇಡಿ. ಒಂದು ನಿಮಿಷ ಸುಮ್ಮನೆ ನಿಂತರೆ ಸಾಕು.

ಚರಿತ್ರೆಯ ಪಾಠವೆಂದರೆ ಗೆದ್ದವರ ಇಸವಿಗಳನ್ನು ಬಾಯಿಪಾಠ ಮಾಡುವುದಲ್ಲವೆಂದು ತರಗತಿಯಲ್ಲಿ ಪದೇಪದೇ ಹೇಳುತ್ತಿದ್ದೆ. ನಿವೃತ್ತನಾದ ಮೇಲೂ ಹೇಳುವುದು ಅದನ್ನೇ.